ಎಡಗಡೆ ನನ್ನ ಪುಟ, ಬಲಗಡೆ ಅವಳ ಪುಟ

ಈ ಸಲ ಟಿಪ್ಪಣಿ ತುಂಬಾ ತಡ ಆಯ್ತು. ಯುಗಾದಿ ಆದ್ಮೇಲೆ ಬರೆದಿದ್ದು ಎರಡೇ ಎರಡು. "ಏನಣ್ಣ, ಹುಷಾರಾಗಿದೀಯಾ ತಾನೇ" ಅಂತ ಕೆಲವರು ಕೇಳಿದ್ರಿ. ಹುಷಾರಾಗಿದ್ದೀನಿ. ರಾಗಿ ಬಿತ್ತನೆ ಮುಗೀತು, ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕಿದ್ದೀನಿ. ಪುಷ್ಯ ಮಳೆ ಪರವಾಗಿಲ್ಲ ಅನ್ನೋ ಹಂಗೆ ಹಿಡಿದಿದೆ. ಇವತ್ತು ಬೆಳಿಗ್ಗೆಯಿಂದ ಜಿಟಿಜಿಟಿ, ಹೊಲಕ್ಕೆ ಕಾಲಿಡೋ ಹಂಗಿಲ್ಲ. ಅದಕ್ಕೇ ಜಗಲಿ ಮೇಲೆ ಕೂತು ಬರೀತಿದ್ದೀನಿ.

ತಡ ಆಗಿದ್ದಕ್ಕೆ ಕಾರಣ ಇದೆ. ಆ ಕಾರಣಾನೇ ಈ ಸಲದ ಟಿಪ್ಪಣಿ.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ನಮ್ಮನೆಯವಳನ್ನ ಮಂಡಿ ನೋವಿಗೆ ಅಂತ ಮೂಳೆ ಡಾಕ್ಟ್ರ ಹತ್ತಿರ ಕರಕೊಂಡು ಹೋಗಿದ್ದೆ. ಎರಡು ವರ್ಷದಿಂದ ಎಣ್ಣೆ ಹಚ್ಚಿಕೊಂಡು, ಮೆಡಿಕಲ್ ಅಂಗಡಿ ಮಾತ್ರೆ ನುಂಗ್ಕೊಂಡು ತಳ್ಳಿದ್ಲು. ಆವತ್ತು ಕೊಟ್ಟಿಗೆಯಲ್ಲಿ ಕೂತೋಳು ಏಳೋಕಾಗದೆ ಹಸುವಿನ ಕಾಲು ಹಿಡ್ಕೊಂಡೇ ಎದ್ದಳು. ಪುಣ್ಯಕ್ಕೆ ಹಸು ಸಾಧು. ಡಾಕ್ಟ್ರು ಎಕ್ಸರೇ ಬೆಳಕಿಗೆ ಹಿಡಿದು, ಸವೆದಿದೆ ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು. "ದಿನಕ್ಕೆ ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡ್ತಾರೆ?"

ಅವಳು ಬಾಯಿ ಬಿಡೋಕೆ ಮುಂಚೆ ನಾನೇ ಹೇಳಿಬಿಟ್ಟೆ. "ಒಂದೆರಡು ಗಂಟೆ ಇರಬಹುದು ಡಾಕ್ಟ್ರೇ."

ಅವಳು ಒಂದ್ಸಲ ನನ್ನ ಮುಖ ನೋಡಿದ್ಲು, ಆಮೇಲೆ ಗೋಡೆ ನೋಡಿದ್ಲು. ಬಸ್ಸಲ್ಲಿ ಬರ್ತಾ ಊರು ಹತ್ತಿರ ಆದಾಗ "ಎರಡು ಗಂಟೆನಾ?" ಅಂದಳು. ಅಷ್ಟೇ. ಮತ್ತೆ ಮಾತಿಲ್ಲ.

ನನ್ನ ಪುಟ ಓದೋರಿಗೆ ಗೊತ್ತು, ನಾನು ಲೆಕ್ಕದ ಮನುಷ್ಯ. ಎಸ್‌ಎಸ್‌ಎಲ್‌ಸಿ ಮುಗಿಸಿ ಅಪ್ಪನ ಜೊತೆ ಹೊಲಕ್ಕೆ ಇಳಿದಾಗಿಂದ ಬರೆದಿಟ್ಟ ಪುಸ್ತಕಗಳು ಅಟ್ಟದ ಮೇಲೆ ಒಂದು ಟ್ರಂಕ್ ತುಂಬ ಇವೆ. ಯಾವ ಮಳೆ ಯಾವತ್ತು ಬಂತು, ಯಾವ ಮರದಲ್ಲಿ ಎಷ್ಟು ಕಾಯಿ ಇಳೀತು, ಡೈರಿಗೆ ಎಷ್ಟು ಲೀಟರ್ ಹಾಕಿದ್ವಿ, ಫ್ಯಾಟ್ ಎಷ್ಟು ಬಂತು, ಹಿಂಡಿ ಮೂಟೆ ರೇಟು ಎಷ್ಟಾಯ್ತು, ಎಲ್ಲಾ ಇದೆ. ಆದ್ರೆ ಮೂವತ್ತೈದು ವರ್ಷದ ಆ ಟ್ರಂಕಲ್ಲಿ ಹೊತ್ತಿನ ಲೆಕ್ಕ ಒಂದು ಪುಟಾನೂ ಇಲ್ಲ. ದುಡ್ಡು ಎಣಿಸಿದ್ದೀನಿ, ಕಾಯಿ ಎಣಿಸಿದ್ದೀನಿ, ಗಂಟೆ ಎಣಿಸಿಲ್ಲ.

ಶಿವರಾತ್ರಿ ಮಾರನೇ ದಿನ ಅಂಗಡಿಯಿಂದ ಒಂದು ಉದ್ದನೆ ನೋಟ್‌ಬುಕ್ ತಂದೆ. ಯುಗಾದಿವರೆಗೆ 30 ದಿನ ಬರೆಯೋದು ಅಂತ ತೀರ್ಮಾನ. ಎಡಗಡೆ ಪುಟ ನನ್ನದು, ಬಲಗಡೆ ಪುಟ ಅವಳದು. ಶುರು ಮಾಡೋಕೆ ಮುಂಚೆ ರಟ್ಟಿನ ಒಳಗಡೆ, ನನಗೆ ಈಗ ಯಾವುದು ಮುಖ್ಯ ಅಂತ ಮೂರು ಸಾಲು ಬರೆದೆ.

ಒಂದು, ಇವಳ ಮಂಡಿ.
ಎರಡು, ಅಪ್ಪ ಹಾಕಿದ ತೆಂಗಿನ ತೋಟ.
ಮೂರು, ಹೊಸ ಸಾಲ ಮಾಡದೆ ಇರೋದು.

ಯಾರಾದ್ರೂ ಕೇಳಿದ್ರೆ ನಿದ್ದೆಗಣ್ಣಲ್ಲೂ ಇವೇ ಮೂರು ಹೇಳ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನ ಪುಟ ಬರೆಯೋದು ಸುಲಭ ಆಯ್ತು. ರಾತ್ರಿ ಊಟ ಆದ್ಮೇಲೆ ಕೂತು, ಎದ್ದಾಗಿಂದ ಏನೇನು ಮಾಡಿದೆ ಅಂತ ನೆನೆಸಿಕೊಂಡು ಬರೀತಿದ್ದೆ. ಕಷ್ಟ ಆಗಿದ್ದು ಬಲಗಡೆ ಪುಟ. ಮೊದಲನೇ ದಿನ "ಇವತ್ತು ಏನೇನು ಮಾಡಿದೆ, ಹೇಳು" ಅಂದೆ. "ಏನ್ ಮಾಡಿದ್ನೋ, ಏನೂ ಇಲ್ಲ, ದಿನಾ ಮಾಡೋದೇ" ಅಂದಳು. ಎರಡನೇ ದಿನಾನೂ ಅದೇ. ಬಲಗಡೆ ಪುಟದಲ್ಲಿ ಎರಡು ದಿನ "ದಿನಾ ಮಾಡೋದೇ" ಅಂತ ಬರೆದಿದೆ, ಈಗಲೂ ಇದೆ. ಮೂರನೇ ದಿನ ನನ್ನ ಕೆಲಸ ಎಲ್ಲಾ ಬಿಟ್ಟು, ಪುಸ್ತಕ ಪೆನ್ನು ಹಿಡ್ಕೊಂಡು ಅವಳ ಹಿಂದೇನೇ ಇದ್ದೆ.

ಅವಳು ಎದ್ದಿದ್ದು ನಾಲ್ಕು ಮುಕ್ಕಾಲಿಗೆ. ಸಗಣಿ ಬಾಚೋದು, ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕೋದು, ಗಂಜಲ ಗುಡಿಸೋದು, ಕೆಚ್ಚಲು ತೊಳೆದು ಎರಡು ಹಸು ಕರೆಯೋದು. ಒಲೆ ಮುಂದೆ, ಪಾತ್ರೆ ಮುಂದೆ, ಬಟ್ಟೆ ಕಲ್ಲಿನ ಮುಂದೆ. ಆಮೇಲೆ ಟೊಮ್ಯಾಟೊ ಸಾಲಲ್ಲಿ ಬಗ್ಗಿಕೊಂಡು ಹಣ್ಣು ಕೀಳೋದು. ಬದುವಲ್ಲಿ ಹುಲ್ಲು ಕೊಯ್ದು ಹೊರೆ ತಲೆ ಮೇಲೆ ತರೋದು. ಪಕ್ಕದ ತೋಟದೋನು ಬೇಲಿ ಹತ್ರ ನಿಂತು "ಏನಣ್ಣ, ಹೆಂಡ್ತಿ ಹಿಂದೆ ಪುಸ್ತಕ ಹಿಡ್ಕೊಂಡು ತಿರುಗ್ತಿದೀಯ, ಜನಗಣತಿನಾ?" ಅಂದ. ಅವಳಿಗೆ ನಾಚಿಕೆ ಆಗಿ "ಸುಮ್ನೆ ಹೋಗ್ರೀ ಅತ್ಲಾಗೆ" ಅಂತ ನನ್ನನ್ನ ಬೈದಳು. ನಾನು ಹೋಗಲಿಲ್ಲ.

ರಾತ್ರಿ ಕೂಡಿಸಿ ನೋಡಿದೆ. ಕುಕ್ಕರಗಾಲಲ್ಲಿ ಕೂತಿದ್ದು, ಬಗ್ಗಿದ್ದು ಎರಡೂ ಸೇರಿ 5 ಗಂಟೆ 20 ನಿಮಿಷ. ಕಾಲು ನೀಡಿ ಕೂತಿದ್ದು 25 ನಿಮಿಷ, ಅದರಲ್ಲೂ ಅವರೆಕಾಯಿ ಸುಲೀತಿದ್ಲು. ಫೋನಲ್ಲಿ ಮಗಳ ಜೊತೆ ಮಾತಾಡಿದ್ದು 6 ನಿಮಿಷ. ಡಾಕ್ಟ್ರಿಗೆ ನಾನು ಹೇಳಿದ್ದು ಎರಡು ಗಂಟೆ.

ಬೆಂಗಳೂರಲ್ಲಿ ಕೆಲಸ ಮಾಡೋ ಮಗಳಿಗೆ ಫೋನಲ್ಲಿ ಇದನ್ನ ಹೇಳಿದೆ. "ಅಪ್ಪ, ಇದನ್ನ ಸರ್ಕಾರಾನೂ ಲೆಕ್ಕ ಹಾಕುತ್ತೆ" ಅಂದಳು. ಸಮಯ ಬಳಕೆ ಸಮೀಕ್ಷೆ ಅಂತ. ಇಡೀ ದೇಶದಲ್ಲಿ 2019ರಲ್ಲಿ ಒಂದ್ಸಲ, 2024ರಲ್ಲಿ ಇನ್ನೊಂದ್ಸಲ ಮಾಡಿದ್ದಾರೆ. 2024ರ ಲೆಕ್ಕದಲ್ಲಿ, ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಅಂದ್ರೆ ಅವರದು ಐದು ಗಂಟೆಗೆ ಹತ್ತು ನಿಮಿಷ ಕಮ್ಮಿ, ನಮ್ಮದು ಒಂದೂವರೆ ಗಂಟೆ. 88 ಕೇಳಿ "ಪರವಾಗಿಲ್ವಲ್ಲ ಗಂಡಸರು" ಅಂದೆ. "ಅಪ್ಪ, ಅದು ಮನೆಗೆಲಸ ಮಾಡೋ ಗಂಡಸರ ಸರಾಸರಿ. ಮಾಡದೆ ಇರೋರು ಆ ಲೆಕ್ಕದಲ್ಲೇ ಇಲ್ಲ" ಅಂದಳು. ಫೋನ್ ಇಟ್ಟೆ.

ಯುಗಾದಿ ಹಿಂದಿನ ದಿನ 30 ದಿನದ ನನ್ನ ಪುಟಗಳನ್ನ ಕೂಡಿಸಿದೆ. ದಿನಕ್ಕೆ 16 ಗಂಟೆ ಎಚ್ಚರ ಅಂದ್ರೆ 480 ಗಂಟೆ. ಮರೆಮಾಚದೆ ಹಾಕ್ತಿದ್ದೀನಿ.

ಟೊಮ್ಯಾಟೊ, ಅದರ ನೀರು, ಕರೆಂಟು ಕಾಯೋದು: 128 ಗಂಟೆ.
ಪೇಟೆಗೆ ಹೋಗಿ ಬಂದಿದ್ದು, 14 ಸಲ: 61 ಗಂಟೆ.
ಫೋನು, ಅದರಲ್ಲಿ ಈ ಟಿಪ್ಪಣಿ ಬರೆಯೋದೂ ಸೇರಿ: 58 ಗಂಟೆ.
ಅರಳಿಕಟ್ಟೆ, ಟೀ ಅಂಗಡಿ: 47 ಗಂಟೆ.
ಬೇಲಿ, ಬದು, ರಿಪೇರಿ, ಚಿಲ್ಲರೆ ಕೆಲಸ: 44 ಗಂಟೆ.
ಮೇವು ತರೋದು, ಡೈರಿಗೆ ಹಾಲು ಹಾಕಿ ಬರೋದು: 39 ಗಂಟೆ.
ತೆಂಗಿನ ತೋಟ: 5 ಗಂಟೆ.
ಮಿಕ್ಕಿದ 98 ಗಂಟೆ ಊಟ, ಸ್ನಾನ, ಮಧ್ಯಾಹ್ನದ ಮಂಪರು.

ರಟ್ಟಿನ ಒಳಗಿನ ಮೂರು ಸಾಲು ತೆಗೆದು ನೋಡಿದೆ. ಮಂಡಿಗೆ ಕೊಟ್ಟಿದ್ದು, ಮಾತ್ರೆ ತರೋಕೆ ಪೇಟೆಗೆ ಹೋದ ಒಂದು ಸಲ. ತೋಟಕ್ಕೆ ಐದು ಗಂಟೆ. ಸಾಲ ಮಾಡಬಾರದು ಅಂತ ಬೆಳೆದ ಟೊಮ್ಯಾಟೊಗೆ 128 ಗಂಟೆ. ಬಾಯಲ್ಲಿ ಹೇಳೋ ಪಟ್ಟಿ ಒಂದು, ಕಾಲು ಹೇಳೋ ಪಟ್ಟಿ ಇನ್ನೊಂದು. ಎರಡೂ ನನ್ನವೇ.

ಯಾಕೆ ಹಿಂಗಾಯ್ತು ಅಂತ ಬಹಳ ಯೋಚನೆ ಮಾಡಿದೆ. ನಾನು ಸೋಮಾರಿ ಅಲ್ಲ, ಊರಲ್ಲಿ ಯಾರೂ ಹಂಗನ್ನಲ್ಲ. ನನಗೆ ಕಂಡಿದ್ದು ಇಷ್ಟು. ಯಾವುದು ಕೂಗುತ್ತೋ ಅದರ ಹಿಂದೆ ನಾನು ಓಡ್ತೀನಿ. ಟೊಮ್ಯಾಟೊ ಕೂಗುತ್ತೆ. ಇವತ್ತು ಔಷಧಿ ಹೊಡೀದಿದ್ರೆ ನಾಳೆ ಅಂಗಮಾರಿ, ಇವತ್ತು ಕೀಳದಿದ್ರೆ ನಾಳಿದ್ದು ಮೆತ್ತಗೆ. ಕರೆಂಟು ಕೂಗುತ್ತೆ. ನಮ್ಮ ಕಡೆ ತ್ರೀಫೇಸ್ ದಿನಕ್ಕೆ ಏಳು ಗಂಟೆ ಅಂತಾರೆ, ಒಂದಷ್ಟು ಹಗಲು ಒಂದಷ್ಟು ರಾತ್ರಿ, ಬಂದಾಗ ಮೋಟ್ರು ಹಾಕಬೇಕು. ಫೋನಂತೂ ನಿಜವಾಗ್ಲೂ ಕೂಗುತ್ತೆ. ಆದ್ರೆ ತೆಂಗಿನ ಮರ ಕೂಗಲ್ಲ. ಮಣ್ಣು ಕೂಗಲ್ಲ. ಅವಳೂ ಕೂಗಲ್ಲ. ಅತ್ತರೆ ತಾನೇ ಅಮ್ಮ ಹಾಲು ಕೊಡೋದು ಅಂತ ಗಾದೆ ಇದೆಯಲ್ಲ, ಅಳದೆ ಇರೋ ಕೂಸುಗಳ ಗತಿ ಏನು ಅಂತ ಆ ಗಾದೆ ಹೇಳಲ್ಲ.

ತೆಂಗು ಯಾಕೆ ಕೂಗಲ್ಲ ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ತೆಂಗು ಇರೋರು ಗಮನ ಕೊಡಿ. ಒಂದು ಹೊಂಬಾಳೆ ಹೊರಗೆ ಬಿರಿಯೋಕೆ ಸುಮಾರು 32 ತಿಂಗಳು ಮುಂಚೇನೇ ಸುಳಿಯ ಒಳಗಡೆ ಅದು ಹುಟ್ಟಿರುತ್ತೆ. ಬಿರಿದ ಮೇಲೆ ಕಾಯಿ ಬಲಿಯೋಕೆ ಇನ್ನೊಂದು 12 ತಿಂಗಳು. ಒಟ್ಟು 44 ತಿಂಗಳು, ಹತ್ತಿರ ಹತ್ತಿರ ನಾಲ್ಕು ವರ್ಷ. ಈ ಮಧ್ಯೆ ಯಾವಾಗ ಮರಕ್ಕೆ ನೀರು, ಗೊಬ್ಬರ ತಪ್ಪಿದ್ರೂ ಪೆಟ್ಟು ಅಲ್ಲೇ ಕೂತಿರುತ್ತೆ, ಆದ್ರೆ ಕಣ್ಣಿಗೆ ಕಾಣೋದು ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಆದ್ಮೇಲೆ. ಅಷ್ಟು ಹೊತ್ತಿಗೆ ನಾವು ಮಾಡಿದ ತಪ್ಪು ನಮಗೇ ಮರೆತಿರುತ್ತೆ.

ನನಗೆ ಮರೆತಿರಲಿಲ್ಲ, ಟ್ರಂಕಿನ ಪುಸ್ತಕದಲ್ಲಿ ಬರೆದಿತ್ತು. 2023 ಬರದ ವರ್ಷ. ಅದೇ ವರ್ಷ ಜುಲೈನಲ್ಲಿ ಟೊಮ್ಯಾಟೊ ರೇಟು ಆಕಾಶಕ್ಕೆ ಹೋಗಿತ್ತು, ನೆನಪಿರಬಹುದು. ಆ ರೇಟು ನೋಡಿ ನಾನೂ 30 ಗುಂಟೆಗೆ ನಾಟಿ ಮಾಡಿದೆ. ಬೋರಲ್ಲಿ ಬರ್ತಿದ್ದ ಒಂದೂವರೆ ಇಂಚು ನೀರನ್ನೂ ಅದಕ್ಕೇ ತಿರುಗಿಸಿದೆ. ತೆಂಗು ತಡ್ಕೊಳ್ಳುತ್ತೆ ಬಿಡು ಅಂದ್ಕೊಂಡೆ. ಸೆಪ್ಟೆಂಬರ್ ಕೊನೆಗೆ ಹಣ್ಣು ಕೀಳೋ ಹೊತ್ತಿಗೆ ರೇಟು ನೆಲಕ್ಕೆ ಬಿದ್ದಿತ್ತು. 21,000 ರೂಪಾಯಿ ಕೈಬಿಡ್ತು. ಅಲ್ಲಿಗೆ ಮುಗೀತು ಅಂದ್ಕೊಂಡೆ, ಮುಗಿದಿರಲಿಲ್ಲ. ನಮ್ಮ 46 ಮರದಲ್ಲಿ ಒಳ್ಳೆ ವರ್ಷಕ್ಕೆ ಮೂರೂವರೆ ಸಾವಿರ ಕಾಯಿ ಇಳೀತಿತ್ತು. ಹೋದ ವರ್ಷ, 2025ರಲ್ಲಿ, ಇಳಿದಿದ್ದು 1,540. ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಹಿಂದೆ ಯಾವತ್ತೂ ಇಲ್ಲದಷ್ಟು ಏರಿತ್ತು. ರೇಟು ಇದ್ದಾಗ ಅಟ್ಟ ಖಾಲಿ. ಬರ ಎಲ್ಲರಿಗೂ ಬಂದಿತ್ತು, ಕಾಯಿ ಎಲ್ಲರದೂ ಕಮ್ಮಿ ಆಯ್ತು, ಪೂರ್ತಿ ನನ್ನ ತಪ್ಪು ಅಂತ ಹೇಳಲ್ಲ. ಆದ್ರೆ ಇದ್ದ ನೀರನ್ನ ಯಾರಿಗೆ ಕೊಟ್ಟೆ ಅನ್ನೋದು ನನ್ನ ಕೈಯಲ್ಲೇ ಇತ್ತು.

ಮಂಡಿನೂ ಹಿಂಗೇನೇ. ಹತ್ತು ವರ್ಷದ ಕುಕ್ಕರಗಾಲು ಹತ್ತು ವರ್ಷ ಆದ್ಮೇಲೆ ಮಾತಾಡುತ್ತೆ. ಮಾತಾಡಿದಾಗ ಡಾಕ್ಟ್ರು ಹೇಳೋದು ಒಂದೇ, ಸವೆದಿದ್ದು ವಾಪಸ್ ಬರಲ್ಲ, ಇದ್ದಿದ್ದು ಉಳಿಸ್ಕೊಳ್ಳಿ.

ಲೆಕ್ಕ ಮುಗಿಸಿ ನಾನು ಬುದ್ಧಿವಂತನ ಥರ ಒಂದು ಪರಿಹಾರ ಹೇಳಿದೆ. "ಎರಡು ಹಸುವಲ್ಲಿ ಒಂದು ಕೊಟ್ಟುಬಿಡೋಣ. ನಿನಗೆ ಅರ್ಧ ಕೆಲಸ ಕಮ್ಮಿ ಆಗುತ್ತೆ." ಅವಳು ಖುಷಿ ಪಡ್ತಾಳೆ ಅಂದ್ಕೊಂಡಿದ್ದೆ. ಅವಳು ಮಾಡ್ತಿದ್ದ ಕೆಲಸ ನಿಲ್ಲಿಸಿ ಹೇಳಿದ್ಲು. "ಡೈರಿ ಬಟವಾಡೆ ನನ್ನ ಹೆಸರಿಗೆ ಬರ್ತದೆ. ಮಗಳ ಫೀಸು ಕಟ್ಟಿದ್ದು ಅದರಲ್ಲೇ. ನಿಮ್ಮ ಟೊಮ್ಯಾಟೊ ದುಡ್ಡು ಒಂದಿನ ನನ್ನ ಕೈಗೆ ಬಂದೈತಾ? ಮಂಡಿ ನಂದು, ಹಸುನೂ ನಂದು. ಕೊಡೋದಾದ್ರೆ ನಿಮ್ಮದೇನಾರ ಕೊಡಿ."

ಈ ಒಂದು ಮಾತು ನನ್ನ 30 ದಿನದ ಪುಸ್ತಕಕ್ಕಿಂತ ದೊಡ್ಡದು. ಅವಳ ಕಷ್ಟ ಕಮ್ಮಿ ಮಾಡೋಕೆ ಅವಳ ಸಂಪಾದನೆ ತೆಗೆಯೋಕೆ ಹೋಗಿದ್ದೆ. ನನ್ನ ಹೊತ್ತು ಮುಟ್ಟೋ ಯೋಚನೆ ನನಗೆ ಬಂದೇ ಇರಲಿಲ್ಲ. ಎಡ ಬಲ ಪುಟ ಜೋಡಿಸಿ ನೋಡಿದಾಗ ಇನ್ನೊಂದು ಕಂಡಿತು. ಸಂಜೆ ಐದೂವರೆಯಿಂದ ಏಳೂವರೆ. ಎಡಗಡೆ ಪುಟದಲ್ಲಿ ದಿನಾ "ಅರಳಿಕಟ್ಟೆ" ಇಲ್ಲಾಂದ್ರೆ "ಫೋನು, ಟಿಪ್ಪಣಿ". ಬಲಗಡೆ ಪುಟದಲ್ಲಿ ಅದೇ ಹೊತ್ತಿಗೆ ದಿನಾ "ಕೊಟ್ಟಿಗೆ". ಡೈರಿಗೆ ಹಾಲಿನ ಕ್ಯಾನು ಹಿಡ್ಕೊಂಡು ಹೋಗೋಕೆ ಮಾತ್ರ ನಡುವೆ ಕಾಲು ಗಂಟೆ ನಾನು ಬಂದಿದ್ದೀನಿ. ನೀವು ಮೆಚ್ಚಿಕೊಂಡ ಎಷ್ಟೋ ಟಿಪ್ಪಣಿ ನಾನು ಬರೆದಿದ್ದು ಅವಳು ಹಸು ಕರೆಯೋ ಹೊತ್ತಲ್ಲಿ. "ಮಣ್ಣಿನ ಆರೋಗ್ಯ" ಅಂತ ಬರೆದಿದ್ದೆನಲ್ಲ, ಮೂರು ಭಾಗ, ಅದೂ ಆ ಹೊತ್ತಲ್ಲೇ. ನನ್ನ ಬಿಡುವು ಅಂತ ನಾನು ಅಂದ್ಕೊಂಡಿದ್ದು ಅವಳ ಮಂಡಿ ಮೇಲೆ ನಿಂತಿತ್ತು.

ಯುಗಾದಿ ದಿನ ಬೇವು ಬೆಲ್ಲ ತಿಂದ್ಮೇಲೆ ನಾಲ್ಕು ತೀರ್ಮಾನ ಮಾಡಿದೆ.

ಒಂದು. ಈ ವರ್ಷ ಟೊಮ್ಯಾಟೊ ಇಲ್ಲ. ನಾಲ್ಕು ಬೆಳೆಯ ಲೆಕ್ಕ ತೆಗೆದೆ. ಒಂದು ಸಲ 21,000 ನಷ್ಟ, ಮಿಕ್ಕ ಮೂರು ಸಲ 34,000, 12,000, 19,000 ಲಾಭ. ನಾಲ್ಕು ಬೆಳೆಗೆ ಕೂಡಿಸಿ ಕಳೆದರೆ ಉಳಿದಿದ್ದು 44,000, ಅದೂ ನಮ್ಮಿಬ್ಬರ ಕೂಲಿ ಹಾಕದೆ. ಆ 30 ಗುಂಟೆಗೆ ಸೀಮೆಹುಲ್ಲು, ಅಲಸಂದೆ ಹಾಕಿದ್ದೀನಿ. ಕೊಟ್ಟಿಗೆ ಹಿಂದೇನೇ ಮೇವು, ಹೊರೆ ಹೊರೋದು ತಪ್ಪಿತು. ಕೈಗೆ ಬರೋ ಗಂಟು ದುಡ್ಡು ಇಲ್ಲ ಅನ್ನೋ ಭಯ ಇದೆ, ಸುಳ್ಳು ಹೇಳಲ್ಲ.

ಎರಡು. ಸಂಜೆ ಹಾಲು ಕರೆಯೋದು, ಕೊಟ್ಟಿಗೆ ನನ್ನದು. ಬೆಳಿಗ್ಗೆ ಸಗಣಿ ಬಾಚೋದೂ ನನ್ನದು, ಕರೆಯೋದು ಅವಳದು. ಅವಳಿಗೆ ಕೂರೋಕೆ ಒಂದಡಿ ಎತ್ತರದ ಮರದ ಮಣೆ ಮಾಡಿಸಿದೆ.

ಮೂರು. ಪೇಟೆಗೆ ಸಂತೆ ದಿನ ಮಾತ್ರ. ಆ 14 ಸಲದಲ್ಲಿ ಹೋಗಲೇಬೇಕಾಗಿದ್ದಿದ್ದು ಐದು. ಒಂದ್ಸಲ ಪೈಪಿನ ವಾಷರ್ ತರೋಕೆ ಹೋಗಿ ಅರ್ಧ ದಿನ ಕಳೆದಿದ್ದೀನಿ. ಮನೆಯಲ್ಲಿ ಒಂದು ಚೀಟಿ ನೇತುಹಾಕಿದ್ದೀನಿ, ಬೇಕಾದ್ದು ನೆನಪಾದಾಗ ಬರೆಯೋದು, ಸಂತೆ ದಿನ ಎಲ್ಲಾ ಒಟ್ಟಿಗೆ. ಪಕ್ಕದ ಮನೆ ಅಜ್ಜಿಯನ್ನ ಪಿಂಚಣಿ ಕೆಲಸಕ್ಕೆ ತಾಲೂಕು ಕಚೇರಿಗೆ ಕರಕೊಂಡು ಹೋಗಿದ್ದು ಎರಡು ಸಲ. ಅದನ್ನ ದಂಡ ಅಂತ ನಾನು ಬರೆದಿಲ್ಲ, ಮುಂದೇನೂ ಹೋಗ್ತೀನಿ. ಅರಳಿಕಟ್ಟೆನೂ ಪೂರ್ತಿ ಬಿಟ್ಟಿಲ್ಲ. ಯಾರ ಮನೆಯಲ್ಲಿ ಏನು ಕಷ್ಟ ಅಂತ ಗೊತ್ತಾಗೋದೇ ಅಲ್ಲಿ. ಬಿಟ್ಟಿದ್ದು ಸಂಜೆ ಹೊತ್ತು ಮಾತ್ರ.

ನಾಲ್ಕು. ಬುಧವಾರ ಬೆಳಿಗ್ಗೆ ಆರರಿಂದ ಒಂಬತ್ತು ತೆಂಗಿನ ತೋಟ, ಬೇರೆ ಏನೇ ಕೂಗಿದ್ರೂ. ಎರಡನೇ ಬುಧವಾರಾನೇ ಒಂದು ಮರದ ಬುಡದಿಂದ ನಾಲ್ಕಡಿ ಮೇಲೆ ಕಂದು ಬಣ್ಣದ ಅಂಟು ಸೋರ್ತಿತ್ತು, ಕೆಂಪುಮೂತಿ ಹುಳು. ಇನ್ನು ಎರಡು ತಿಂಗಳು ನೋಡದೆ ಬಿಟ್ಟಿದ್ರೆ ಸುಳಿ ಬೀಳ್ತಿತ್ತು. ತಿಪ್ಪೆ ತೋಟದ ಪಕ್ಕದಲ್ಲೇ ಇತ್ತು, ಕೆದಕಿದ್ರೆ ಒಳಗೆಲ್ಲ ಹೆಬ್ಬೆರಳು ಗಾತ್ರದ ಗೊಣ್ಣೆಹುಳ. ಇವೇ ಬೆಳೆದು ತೆಂಗಿನ ಸುಳಿ ಕೊರೆಯೋ ದುಂಬಿ ಆಗೋದು. ಎಲ್ಲಾ ಆರಿಸಿ ಕೋಳಿಗೆ ಹಾಕಿ, ತಿಪ್ಪೆ ಜಾಗ ಬದಲಾಯಿಸಿದೆ. ಮೊದಲ ಮಳೆಗೆ ತೋಟದ ತುಂಬ ಅಪ್ಸೆಣಬು ಚೆಲ್ಲಿದ್ದೀನಿ, ಹೂ ಬಿಡೋ ಹೊತ್ತಿಗೆ ಮಣ್ಣಿಗೆ ಸೇರಿಸ್ತೀನಿ.

ತೀರ್ಮಾನ ಸುಲಭ, ನಡೆಸೋದು ಕಷ್ಟ. ಹಸು ನನಗೆ ಹಾಲು ಬಿಡಲಿಲ್ಲ. ಕೈ ಬದಲಾದ್ರೆ ಹಸು ಹಾಲು ಹಿಡ್ಕೊಳ್ಳುತ್ತೆ, ಕೆಚ್ಚಲು ತುಂಬಿದ್ರೂ ಇಳಿಸಲ್ಲ. ಮೊದಲ ಹತ್ತು ದಿನ ಸಂಜೆ ಹೊತ್ತು ಒಂದೂವರೆ ಲೀಟರ್ ಕಮ್ಮಿ ಬಂತು. ಡೈರಿಯಲ್ಲಿ ಹುಡುಗರು ನಕ್ಕರು. ಕೊನೆಗೆ ಅವಳೇ ಅವಳ ಹಳೆ ಸೀರೆ ತುಂಡು ಕೊಟ್ಟು "ಹೆಗಲ ಮೇಲೆ ಹಾಕ್ಕೊಂಡು ಕೂತ್ಕೊಳ್ಳಿ, ವಾಸನೆ ಸಿಕ್ಕಿದ್ರೆ ಬಿಡ್ತದೆ" ಅಂದಳು. ಹಾಕ್ಕೊಂಡೆ. ಬಿಸಿ ನೀರಲ್ಲಿ ಕೆಚ್ಚಲು ತೊಳೆಯೋದು, ಬೂಸಾ ಮುಂದಿಡೋದು, ಎಡಗಡೆಯಿಂದ ಕೂರೋದು, ಎಲ್ಲಾ ಅವಳು ಮಾಡೋ ಕ್ರಮದಲ್ಲೇ ಮಾಡಿದೆ. ಮೂರನೇ ದಿನಕ್ಕೆ ಹಾಲು ಇಳೀತು. ಈಗ ಸೀರೆ ತುಂಡು ಬೇಡ, ಆದ್ರೂ ಗೂಟಕ್ಕೆ ನೇತುಹಾಕಿದ್ದೀನಿ.

ಇದೆಲ್ಲಾ ಆದ್ಮೇಲೆ ಒಂದಿನ ಅವಳನ್ನ ಕೇಳಿದೆ. "ನನ್ನ ಮೂರು ಸಾಲು ಆಯ್ತು. ನಿನಗೆ ಮುಖ್ಯ ಅನ್ನೋದು ಏನು, ಹೇಳು ಬರೀತೀನಿ." ಮೂವತ್ತು ವರ್ಷದ ಸಂಸಾರದಲ್ಲಿ ಈ ಪ್ರಶ್ನೆ ಮೊದಲನೇ ಸಲ ಕೇಳಿದ್ದು ಅಂತ ಕೇಳಿದ ಮೇಲೆ ಗೊತ್ತಾಯ್ತು. ಅವಳು ಮಂಡಿ ಅನ್ನಲಿಲ್ಲ, ಆರಾಮು ಅನ್ನಲಿಲ್ಲ. "ತಂಗಿ ಊರಿನ ಜಾತ್ರೆಗೆ ಹೋಗಿ ಎರಡು ರಾತ್ರಿ ಇದ್ದು ಬರಬೇಕು" ಅಂದಳು. ಆರು ವರ್ಷದಿಂದ ಅವಳು ಒಂದು ರಾತ್ರಿನೂ ಹೊರಗೆ ಉಳಿದಿಲ್ಲ. ತಂಗಿ ಮಗಳ ಮದುವೆಗೂ ಧಾರೆ ಮುಗಿಸಿ ಸಂಜೆ ಬಸ್ಸಿಗೇ ಬಂದಿದ್ಲು, ಹಸು ಕರೆಯಬೇಕಲ್ಲ ಅಂತ. ಆ ಮದುವೇಲಿ ನಾನು ಮಾರನೇ ದಿನ ಬೀಗರ ಊಟ ಮುಗಿಸ್ಕೊಂಡು ಬಂದಿದ್ದೆ. ಅದೂ ನೆನಪಾಯ್ತು.

ಚೈತ್ರ ಮುಗಿಯೋಕೆ ಮುಂಚೆ ಜಾತ್ರೆ ಇತ್ತು. ಅವಳು ಹೋದ್ಲು. ಎರಡು ರಾತ್ರಿ ಅಂದಿದ್ದೋಳು ಮೂರು ರಾತ್ರಿ ಇದ್ದಳು. ಆ ಮೂರು ದಿನದ ಎಡಗಡೆ ಪುಟ ನೋಡಿದ್ರೆ ನಗು ಬರುತ್ತೆ, ಬಲಗಡೆ ಪುಟದಲ್ಲಿ ಇದ್ದಿದ್ದೆಲ್ಲಾ ಎಡಗಡೆಗೆ ಬಂದಿದೆ. ಮುದ್ದೆ ಎರಡು ಸಲ ಗಂಟಾಯ್ತು. ಎರಡನೇ ದಿನ ಬೆಳಿಗ್ಗೆ ಹಾಲು ಹಾಕೋಕೆ ತಡ ಆಗಿ ಡೈರಿ ಬಾಗಿಲು ಹಾಕಿತ್ತು, ಹಾಲೆಲ್ಲಾ ಮೊಸರಿಗೆ ಹೆಪ್ಪು ಹಾಕಿದೆ. ನನ್ನ ಮಂಡಿನೂ ನೋಯ್ತು. ಅವಳು ಬಂದಾಗ ಕೈತುಂಬ ಹೊಸ ಬಳೆ ಹಾಕ್ಕೊಂಡಿದ್ಲು. ಕೊಟ್ಟಿಗೆ ಒಳಗೆ ಹೋಗಿ ಹಸು ಮೈ ಸವರಿ, "ಬಡವಾಗಿಲ್ಲ" ಅಂದಳು. ನನಗೆ ಹೇಳಿದ್ದೋ ಹಸುಗೆ ಹೇಳಿದ್ದೋ ಗೊತ್ತಿಲ್ಲ.

ಎಲ್ಲಾ ಸರಿ ಹೋಯ್ತು ಅಂತ ತಿಳ್ಕೋಬೇಡಿ. ಬಿತ್ತನೆ ಶುರುವಾದಾಗ, ಪುನರ್ವಸು ಮಳೆ ಹದ ಕೊಟ್ಟ ಕೂಡ್ಲೆ, ನನ್ನ ನಾಲ್ಕು ತೀರ್ಮಾನವೂ ಹಾರಿಹೋದವು. ಟ್ರ್ಯಾಕ್ಟರ್ ಬಂದಾಗ ಉಳಬೇಕು, ಹದ ಇರೋವಾಗ ಬಿತ್ತಬೇಕು, ಅದು ಯಾರ ಪಟ್ಟಿಗೂ ಕಾಯಲ್ಲ. ಮೂರು ಬುಧವಾರ ತೋಟಕ್ಕೆ ಹೋಗಲಿಲ್ಲ. ನಾಲ್ಕು ಸಂಜೆ ಅವಳೇ ಹಾಲು ಕರೆದಿದ್ದಾಳೆ. ಅವಳು ಒಂದು ಮಾತೂ ಅನ್ನಲಿಲ್ಲ, ಪುಸ್ತಕ ಬರೆಯುವಾಗ ನನಗೇ ಕಂಡಿತು. ಅದಕ್ಕೇ ಈಗ ದಿನದ ಲೆಕ್ಕ ಬಿಟ್ಟು ಮಳೆ ಲೆಕ್ಕ ಹಿಡಿದಿದ್ದೀನಿ. ಬಿತ್ತನೆ ಮಳೆಯಲ್ಲಿ ಹೊಲ ಮೊದಲು, ಅದು ತಪ್ಪಲ್ಲ. ಆದ್ರೆ ಆ ಸಾಲವನ್ನ ಆಶ್ಲೇಷ, ಮಖೆಯಲ್ಲಿ ತೀರಿಸಬೇಕು. ಬಿಟ್ಟುಹೋದ ಮೂರು ಬುಧವಾರ ಪುಸ್ತಕದಲ್ಲಿ ಬಾಕಿ ಅಂತ ಬರೆದಿದ್ದೀನಿ. ಅವಳು ಕರೆದ ನಾಲ್ಕು ಸಂಜೆಗೆ ನಾಲ್ಕು ಬೆಳಿಗ್ಗೆ ನಾನು ಕರೆದುಕೊಟ್ಟೆ.

ನೀವೂ ಒಂದು ವಾರ ಬರೆದು ನೋಡಿ ಅಂತ ನನ್ನ ಕೋರಿಕೆ. ಪುಸ್ತಕ ಯಾವುದಾದ್ರೂ ಆಗುತ್ತೆ, ಆದ್ರೆ ಎರಡು ಪುಟ ಇರಲಿ. ನಿಮ್ಮದು ಮಾತ್ರ ಬರೆದ್ರೆ ಅರ್ಧ ಲೆಕ್ಕಾನೇ ಸಿಗೋದು. ನಿಮಗೆ ಬಿಡುವು ಕಂಡ ಕಡೆ, ಅದೇ ಹೊತ್ತಲ್ಲಿ ಎದುರು ಪುಟದಲ್ಲಿ ಏನಿದೆ ಅಂತ ನೋಡಿ. ಮತ್ತೆ ಎದುರು ಪುಟದೋರಿಗೆ ಮುಖ್ಯ ಯಾವುದು ಅಂತ ನೀವೇ ಊಹೆ ಮಾಡಬೇಡಿ, ಕೇಳಿ. ನಾನು ಊಹೆ ಮಾಡಿ ಹಸು ಮಾರೋಕೆ ಹೊರಟಿದ್ದೆ.

ಮಂಡಿ ಈಗ ಹೆಂಗಿದೆ ಅಂತ ಕೇಳ್ತೀರ. ವಾಸಿ ಆಗಿಲ್ಲ, ಆಗೋದೂ ಇಲ್ಲ. ರಾತ್ರಿ ನೋವು ಕಮ್ಮಿ ಅಂತಾಳೆ, ಮಾತ್ರೆ ವಾರಕ್ಕೆ ಎರಡಕ್ಕೆ ಇಳಿದಿದೆ. ತೆಂಗು ಏನನ್ನುತ್ತೆ ಅಂತ ಈಗಲೇ ಹೇಳೋಕಾಗಲ್ಲ. ಈ ಮಳೆಗಾಲದಲ್ಲಿ ಸುಳಿಯೊಳಗೆ ಹುಟ್ಟೋ ಹೊಂಬಾಳೆ ಬಲಿತ ಕಾಯಾಗಿ ಅಂಗಳಕ್ಕೆ ಬೀಳೋದು 2030ಕ್ಕೆ. ಅಲ್ಲಿವರೆಗೆ ಬುಧವಾರ ತಪ್ಪಿಸದೆ ಇರೋದಷ್ಟೇ ನನ್ನ ಕೆಲಸ.

ಇನ್ನು ಮೇಲೆ ಟಿಪ್ಪಣಿ ತಿಂಗಳಿಗೆ ಒಂದು. ಕಾಮೆಂಟಿಗೆ ಉತ್ತರ ಸಂತೆ ದಿನ ಬಸ್ಸಲ್ಲಿ ಕೂತಾಗ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ತಿಪ್ಪೆ ಗುಂಡಿಯನ್ನ ಎಲ್ಲಿಗೆ, ಹೆಂಗೆ ಬದಲಾಯಿಸಿದೆ ಅಂತ ಅಳತೆ ಸಮೇತ ಬರೀತೀನಿ, ಬಹಳ ಜನ ಕೇಳಿದ್ದೀರಿ.

ಐದೂಕಾಲು ಆಯ್ತು. ಮಳೆ ನಿಂತಿಲ್ಲ. ನೀರು ಕಾಯೋಕೆ ಇಡಬೇಕು.